ನಮ್ಮ ವಠಾರದ ಮಾಲ್ಗುಡಿ

ಮಗಳ ವಾರ್ಷಿಕ ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ಲೆಕ್ಕ ಎಲ್ಲಿಯವರೆಗೆ ಬಂದಿದೆ ನೋಡೋಣ ಅಂತ ಅವಳ ಗಣಿತದ ನೋಟ್‌ಬುಕ್ ತೆಗೆದೆ. ಮುಂದಿನಿಂದ ತೆಗೆದರೆ ಗಣಿತ, ಹಿಂದಿನಿಂದ ತೆಗೆದರೆ ಹ್ಯಾರಿ ಪಾಟರ್! ಅವನು ಓದುವ ಮಾಯಾ ಶಾಲೆಯ ನಕ್ಷೆ ಪುಟದಿಂದ ಪುಟಕ್ಕೆ ಹಬ್ಬಿಕೊಂಡಿತ್ತು. ಕೆಂಪು ಇಂಕಿನಲ್ಲಿ ಬಾಣಗಳು, ಹಸಿರು ಇಂಕಿನಲ್ಲಿ ಪ್ರಶ್ನೆಗಳು.

"ಏನೇ ಇದು?" ಅಂತ ರೇಗಿದೆ.

"ಸಿನಿಮಾದಲ್ಲಿ ಆ ಶಾಲೆಯ ಮೆಟ್ಟಿಲುಗಳು ಜಾಗ ಬದಲಾಯಿಸುತ್ತವಲ್ಲಮ್ಮ, ಹಾಗಾದರೆ ಮಕ್ಕಳು ಊಟಕ್ಕೆ ಹೋಗೋ ದಾರಿ ಯಾವುದು ಅಂತ ನಾವು ಮೂರು ಜನ ಕಂಡುಹಿಡೀತಾ ಇದ್ದೀವಿ. ಎಂಟು ಸಿನಿಮಾನೂ ಎರಡೆರಡು ಸಲ ನೋಡಿದ್ದೀವಿ" ಅಂದಳು, ದೊಡ್ಡ ಸಂಶೋಧಕಿಯ ಹಾಗೆ.

"ಇಲ್ಲದ ಶಾಲೆಗೆ ದಾರಿ ಹುಡುಕೋ ಬದಲು, ಇರೋ ಶಾಲೆಯ ಪಾಠ ಓದು" ಅಂದೆ. ಆ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಹಜಾರದಲ್ಲಿ ಹೂ ಕಟ್ಟುತ್ತಿದ್ದ ನನ್ನ ಅಮ್ಮ ಏನೂ ಹೇಳಲಿಲ್ಲ. ಹೂವನ್ನು ಬಾಳೆಲೆಯ ಮೇಲಿಟ್ಟು ಎದ್ದು ಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ಕಿರ್ ಅಂದದ್ದು ಕೇಳಿಸಿತು. ಮಡಿಸಿ ಮಡಿಸಿ ಗೆರೆಬಿದ್ದ ಒಂದು ಕಂದು ಕಾಗದ ತಂದು ಮೊಮ್ಮಗಳ ಮುಂದೆ ಹರಡಿದರು. ಶಾಲೆ ಪುಸ್ತಕಗಳಿಗೆ ಬೈಂಡ್ ಹಾಕುವ ಕಾಗದ ಅದು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಮಾಲ್ಗುಡಿ. ಅಳತೆ ಸರಿ ಇಲ್ಲ."

ಅಕ್ಷರ ನನ್ನದು.

"ನಿಮ್ಮಮ್ಮನೂ ಇಲ್ಲದ ಊರಿಗೆ ದಾರಿ ಹುಡುಕಿದವಳೇ ಪುಟ್ಟಿ" ಅಂದರು ಅಮ್ಮ. ಮತ್ತೆ ಹೂ ಕಟ್ಟಲು ಕೂತರು.

ಆ ಕಾಗದದ ಕಥೆಯನ್ನು ಹೇಳುತ್ತೇನೆ ಕೇಳಿ.

ಸುಮಾರು 1987ನೇ ಇಸವಿ. ನನಗೆ ಹನ್ನೆರಡು ವರ್ಷ. ಮೈಸೂರಿನ ಒಂದು ವಠಾರದಲ್ಲಿ ನಮ್ಮ ಮನೆ. ಏಳು ಸಂಸಾರ, ಒಂದು ಬಾವಿ, ಒಂದು ಟಿವಿ. ಟಿವಿ ಇದ್ದದ್ದು ಓನರ್ ಮನೆಯಲ್ಲಿ. ಕಪ್ಪು ಬಿಳುಪಿನದು, ಮರದ ಬಾಗಿಲು ಹಾಕಿ ಬೀಗ ಹಾಕುವಂಥದ್ದು. 'ಮಾಲ್ಗುಡಿ ಡೇಸ್' ಬರುವ ಹೊತ್ತಿಗೆ ಇಡೀ ವಠಾರ ಅಲ್ಲಿ ಸೇರುತ್ತಿತ್ತು. ದೊಡ್ಡವರಿಗೆ ಚಾಪೆ, ಮಕ್ಕಳಿಗೆ ನೆಲ, ತಡವಾಗಿ ಬಂದವರಿಗೆ ಕಿಟಕಿ. ಚಿತ್ರ ನಡುಗಿದರೆ ಒಬ್ಬ ಹುಡುಗ ತಾರಸಿಗೆ ಓಡಿ ಆಂಟೆನಾ ತಿರುಗಿಸಬೇಕು. "ಬಂತಾ?" "ಇನ್ನೂ ಸ್ವಲ್ಪ!" "ಈಗ?" "ಹೋಯ್ತು, ಹೋಯ್ತು!" ಪಾಪ, ಅವನು ಧಾರಾವಾಹಿಗಿಂತ ಹೆಚ್ಚು ಆಕಾಶವನ್ನೇ ನೋಡಿದ.

ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರಿಗೆ ಆ ಧಾರಾವಾಹಿ ನೆನಪಿರುತ್ತದೆ. ಮಕ್ಕಳಿಗಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ತಮ್ಮ ಕಥೆಗಳಿಗಾಗಿ ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿಕೊಂಡರು. ಅದು ಮೊದಲು ಕಾಣಿಸಿಕೊಂಡದ್ದು 1935ರಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ. ಸುಮಾರು ಐವತ್ತು ವರ್ಷಗಳ ನಂತರ ಶಂಕರ್ ನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ತಂದರು. ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ್ ಕಾರ್ನಾಡ್ ಅವನ ಅಪ್ಪನಾದರು. ನಾರಾಯಣ್ ಅವರ ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್, ಶುರುವಿನಲ್ಲಿ ಬರುವ ಚಿತ್ರಗಳನ್ನು ಬರೆದುಕೊಟ್ಟರು. ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾದರೆ ಸಾಕು, ಬಾವಿಕಟ್ಟೆಯಲ್ಲಿ ಕೊಡ ಬಿಟ್ಟು ಬರುವವರೂ ಇದ್ದರು.

ಒಂದು ತೊಂದರೆ ಇತ್ತು. ನಾವು ನೋಡುತ್ತಿದ್ದದ್ದು ಹಿಂದಿಯಲ್ಲಿ. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಹಿಂದಿ ಒಂದಕ್ಷರವೂ ಬಾರದು. ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನಾನು ಪಕ್ಕದಲ್ಲಿ ಕೂತು ಅನುವಾದ ಮಾಡಬೇಕು. ಗೊತ್ತಿದ್ದದ್ದನ್ನು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನು ಸೇರಿಸಿ ಹೇಳುತ್ತಿದ್ದೆ. "ಆ ಹುಡುಗನ ಅಪ್ಪ ಇಷ್ಟು ಹೊತ್ತು ಮಾತಾಡಿದ, ನೀನು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟೆಯಲ್ಲೇ" ಅಂತ ಅಜ್ಜಿ ಗದರುತ್ತಿದ್ದರು.

ಇನ್ನೊಂದು ತೊಂದರೆ ಇವತ್ತಿನ ಮಕ್ಕಳಿಗೆ ಅರ್ಥವಾಗುವುದು ಕಷ್ಟ. ಒಂದು ಸಲ ನೋಡಿದ್ದು ಹೋಯಿತು ಅಂದರೆ ಹೋಯಿತು! ಹಿಂದಕ್ಕೆ ಓಡಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ಅದಕ್ಕೆ ನಾವು ಐದು ಮಕ್ಕಳು ಒಂದು ಉಪಾಯ ಮಾಡಿದೆವು. ನೋಡುವ ಕೆಲಸವನ್ನು ಹಂಚಿಕೊಂಡೆವು. ಮೂಲೆ ಮನೆಯ ಹುಡುಗ ಬೀದಿ, ತಿರುವು, ಅಂಗಡಿಗಳನ್ನು ಮಾತ್ರ ನೋಡಬೇಕು. ಅವನ ತಂಗಿ ಬಟ್ಟೆ ಮತ್ತು ತಿಂಡಿ. ಹಿಂದಿನ ಮನೆಯ ಅವಳಿಗಳಲ್ಲಿ ಒಬ್ಬನಿಗೆ ಪ್ರಾಣಿ, ಗಾಡಿ. ಇನ್ನೊಬ್ಬನಿಗೆ ಮಳೆ, ಬಿಸಿಲು, ಗಡಿಯಾರ. ನನ್ನದು ಹೇಗೂ ಮಾತು. ಮುಗಿದ ಮೇಲೆ ಜಗಲಿಯಲ್ಲಿ ಕೂತು ಐವರ ನೆನಪನ್ನೂ ಜೋಡಿಸಿದರೆ ಪೂರ್ತಿ ಕಂತು ಮತ್ತೆ ಸಿಗುತ್ತಿತ್ತು. "ಅವನು ಒಳಗೆ ಹೋದಾಗ ನೆಲ ಒದ್ದೆ ಇತ್ತು, ಹೊರಗೆ ಬಂದಾಗ ಒಣಗಿತ್ತು" ಅಂತ ಮಳೆಯ ಹುಡುಗ ಹೇಳಿದ ದಿನ ನಮಗೆಲ್ಲ ದೊಡ್ಡ ಕಳ್ಳನನ್ನು ಹಿಡಿದಷ್ಟು ಖುಷಿ. ಆಗುಂಬೆಯ ಮಳೆಯಲ್ಲಿ ಚಿತ್ರ ತೆಗೆಯುವವರ ಪಾಡು ಏನು ಅಂತ ಆಗ ನಮಗೆಲ್ಲಿ ಗೊತ್ತು!

ಹಾಗೆ ಹುಟ್ಟಿದ್ದು ಈ ನಕ್ಷೆ. ಟಿವಿಯಲ್ಲಿ ಕಂಡದ್ದು ಸಾಲದೆ ಗ್ರಂಥಾಲಯದಿಂದ ನಾರಾಯಣ್ ಅವರ ಪುಸ್ತಕಗಳನ್ನೂ ತಂದೆವು. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರೋಡ್, ಕಬೀರ್ ಬೀದಿ, ಆಲ್ಬರ್ಟ್ ಮಿಷನ್ ಶಾಲೆ ಒಂದೊಂದಾಗಿ ಕಾಗದಕ್ಕೆ ಬಂದವು. ಮಾಲ್ಗುಡಿ ಎಂದರೆ ಮೈಸೂರೇ ಅಂತ ನಮ್ಮ ವಾದ. ರಜೆಗೆ ತೀರ್ಥಹಳ್ಳಿ ಕಡೆಯಿಂದ ಬಂದ ಒಬ್ಬ ಹುಡುಗ, "ಸ್ವಾಮಿ ಮನೆ ಆಗುಂಬೆಯ ದೊಡ್ಡಮನೆ. ನಾನೇ ಹೊಸ್ತಿಲು ದಾಟಿ ಬಂದಿದ್ದೀನಿ" ಅಂದುಬಿಟ್ಟ. ಎರಡು ದಿನ ಅವನ ಜೊತೆ ಮಾತು ಬಿಟ್ಟೆವು. ಮೂರನೆಯ ದಿನ ಅವನಿಂದಲೇ ದೊಡ್ಡಮನೆಯ ಕಂಬ, ಅಂಗಳಗಳನ್ನು ಕೇಳಿ ನಕ್ಷೆಯ ಮೂಲೆಯಲ್ಲಿ ಬರೆದುಕೊಂಡೆವು.

ನಮ್ಮಪ್ಪ ಪೋಸ್ಟ್‌ಮ್ಯಾನ್. ಬೆಳಿಗ್ಗೆ ಒಂದು ಡೆಲಿವರಿ, ಮಧ್ಯಾಹ್ನ ಒಂದು ಡೆಲಿವರಿ. ಸಂಜೆಗೆ ಕಾಲು ಸೋತು ಮಲಗಿಬಿಡುತ್ತಿದ್ದರು. ಟಿವಿ ನೋಡಲು ಬಂದವರೇ ಅಲ್ಲ. ಮುಂದಿನ ಕಥೆ ಪೋಸ್ಟ್‌ಮ್ಯಾನ್‌ನದು ಅಂತ ಹೇಗೋ ಗೊತ್ತಾಗಿ, "ಅಪ್ಪ, ನೀವು ಬರಲೇಬೇಕು" ಅಂತ ನಾವೆಲ್ಲ ಗಂಟುಬಿದ್ದು ಎಳೆದುಕೊಂಡು ಹೋದೆವು. ಖಾಕಿ ಷರಟಿನಲ್ಲೇ ಬಂದು ಗೋಡೆಗೆ ಒರಗಿ ಕೂತರು.

'ದಿ ಮಿಸಿಂಗ್ ಮೇಲ್' ಅಂತ ಆ ಕಥೆ. ತಾನಪ್ಪ ಎಂಬ ಪೋಸ್ಟ್‌ಮ್ಯಾನ್. ತನ್ನ ಬೀಟಿನ ಮನೆಮನೆಯ ಸುಖದುಃಖವೂ ಅವನಿಗೆ ಗೊತ್ತು. ಒಂದು ಮನೆಯ ಹೆಣ್ಣುಮಗಳಿಗೆ ಗಂಡು ಸಿಗದೆ ಅಪ್ಪ ಅಮ್ಮ ಸೋತಿರುತ್ತಾರೆ. ತಾನಪ್ಪನ ಮಾತು ಕೇಳಿ ಒಂದು ಸಂಬಂಧ ಕುದುರುತ್ತದೆ. ವರ ತರಬೇತಿಗೆ ದೂರ ಹೊರಡುವವನು, ಗೊತ್ತಾದ ದಿನವೇ ಮದುವೆ ಆಗಬೇಕು. ಅಷ್ಟರಲ್ಲಿ ಆ ಮನೆಯ ಚಿಕ್ಕಪ್ಪನಿಗೆ ಕಾಯಿಲೆ ಜೋರಾಗಿದೆ ಅಂತ ಕಾರ್ಡು ಬರುತ್ತದೆ. ಹಿಂದೆಯೇ ತೀರಿಕೊಂಡರು ಅಂತ ಟೆಲಿಗ್ರಾಂ. (ಮಕ್ಕಳೇ, ಟೆಲಿಗ್ರಾಂ ಅಂದರೆ ತಂತಿಯಲ್ಲಿ ಬರುತ್ತಿದ್ದ ತುರ್ತು ಸುದ್ದಿ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಅದು ನಿಂತುಹೋಯಿತು.) ತಾನಪ್ಪ ಎರಡನ್ನೂ ಕೊಡುವುದಿಲ್ಲ. ಮದುವೆ ಮುಗಿದು ಎಷ್ಟೋ ದಿನಗಳಾದ ಮೇಲೆ ತಂದುಕೊಟ್ಟು ತಪ್ಪೊಪ್ಪಿಕೊಳ್ಳುತ್ತಾನೆ. ದೂರು ಕೊಟ್ಟರೆ ಅವನ ಕೆಲಸ ಹೋಗುತ್ತದೆ. ಆ ಯಜಮಾನ ದೂರು ಕೊಡುವುದಿಲ್ಲ. ಆದರೆ ನೀನು ಹೀಗೆ ಮಾಡಬಾರದಿತ್ತು ಅನ್ನುತ್ತಾನೆ.

ಅವತ್ತು ಯಾರೂ ತಕ್ಷಣ ಮನೆಗೆ ಹೋಗಲಿಲ್ಲ. ಜಗಲಿ ಎರಡು ಪಕ್ಷವಾಯಿತು. "ಒಂದು ಹುಡುಗಿ ಬಾಳು ನೇರ್ಪಾಯ್ತಲ್ಲ, ಪುಣ್ಯದ ಕೆಲಸ" ಅಂತ ಓನರ್ ಮನೆಯಾಕೆ. "ಇನ್ನೊಬ್ಬರ ಕಾಗದ ಮುಚ್ಚಿಡೋಕೆ ಅವನು ಯಾರು?" ಅಂತ ಮೂಲೆ ಮನೆಯ ಮೇಷ್ಟ್ರು. ನನ್ನ ಅನುವಾದ ಅರ್ಧಂಬರ್ಧ ಕೇಳಿದ್ದ ಅಜ್ಜಿ ಒಂದೇ ಮಾತು ಅಂದರು: "ಸಾಯೋನ ಮುಖ ನೋಡೋದು ಬೇಡವಾಗಿತ್ತೇನು ಅವರಿಗೆ? ಮದುವೆ ಇನ್ನೊಂದು ದಿನ ಆದೀತು. ಮುಖ ಇನ್ನೊಂದು ದಿನ ಸಿಕ್ಕೀತೆ?"

"ನೀವೇ ಹೇಳಿ, ನಿಮ್ಮದೇ ಇಲಾಖೆ" ಅಂತ ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ, "ನಾಳೆ ಬೇಗ ಏಳಬೇಕು" ಅಂತ ಎದ್ದು ಹೊರಟರು.

ನಮಗೆ ಮಾತ್ರ ಆ ಕಥೆ ಬಿಡಲಿಲ್ಲ. ಗಣೇಶನ ಹಬ್ಬಕ್ಕೆ ವಠಾರದಲ್ಲಿ ಅದನ್ನೇ ನಾಟಕ ಆಡೋಣ ಅಂತ ತೀರ್ಮಾನಿಸಿದೆವು. ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂತು. ಮದುವೆ ಚಪ್ಪರಕ್ಕೆ ಬಾಳೆಕಂದು, ಟೆಲಿಗ್ರಾಂಗೆ ಹಳೆಯ ಕ್ಯಾಲೆಂಡರ್ ಹಾಳೆ, ವರನಿಗೆ ಮೇಷ್ಟ್ರ ಕೋಟು. ಎಲ್ಲ ಒದಗಿತು. ಕೊನೆ ಮಾತ್ರ ಒದಗಲಿಲ್ಲ. ಅಜ್ಜಿಯ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಕಾಗದ ಕೊಟ್ಟರೆ ಮದುವೆ ನಿಲ್ಲುತ್ತದೆ, ಕೊಡದಿದ್ದರೆ ಮುಖ ಸಿಗುವುದಿಲ್ಲ. ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ.

ಒಂದು ರಾತ್ರಿ ಅಪ್ಪನ ಹಳೆಯ ಚೀಲ ಕೇಳಲು ಹೋದೆ, ನಾಟಕದ ತಾನಪ್ಪನಿಗೆ ಬೇಕಿತ್ತು. ಚೀಲ ತೆಗೆದುಕೊಟ್ಟರು. "ಕೊನೆ ಹೇಗೆ ಮಾಡಿದೀರಿ?" ಅಂತ ಕೇಳಿದರು. ಗೊತ್ತಾಗುತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಹೇಳಿದರು.

"ನೀನು ಹುಟ್ಟೋಕೆ ಮುಂಚೆ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಬೆಳಗಿನ ಡೆಲಿವರಿಯಲ್ಲಿ ಒಂದು ಕಾರ್ಡು. ಕಾರ್ಡಲ್ಲವೇ, ಬೇಡ ಅಂದರೂ ಕಣ್ಣಿಗೆ ಬೀಳುತ್ತೆ. ಹಾಸನದಿಂದ. 'ತಮ್ಮನ ಸ್ಥಿತಿ ಚೆನ್ನಾಗಿಲ್ಲ, ಕೂಡಲೇ ಹೊರಟು ಬಾ' ಅಂತ ಬರೆದಿತ್ತು. ಆ ಮನೆ ಮುಂದೆ ಹೋದರೆ ಚಪ್ಪರ, ವಾಲಗ. ಮಗಳ ಮದುವೆ. ಧಾರೆಗೆ ಇನ್ನು ಅರ್ಧ ಗಂಟೆ. ಆಕೆ, ಕಾರ್ಡು ಬಂದದ್ದು ಆಕೆಗೇ, ಬಾಗಿಲಲ್ಲಿ ನಿಂತು 'ಊಟ ಮಾಡಿಕೊಂಡೇ ಹೋಗಬೇಕು ಪೋಸ್ಟಪ್ಪ' ಅಂದರು. ಕಾರ್ಡು ಚೀಲದಲ್ಲೇ ಉಳೀತು. ಮಧ್ಯಾಹ್ನದ ಡೆಲಿವರಿಯಲ್ಲಿ ಕೊಟ್ಟೆ."

"ಆಮೇಲೆ?"

"ಅವತ್ತಿನ ಕಾಗದ ಅವತ್ತೇ ಕೊಟ್ಟೆ. ಕಾನೂನು ಪ್ರಕಾರ ಏನೋ ಹೇಳಿಕೊಳ್ಳಬಹುದು. ಆದರೆ ಅಷ್ಟು ಹೊತ್ತಿಗೆ ಮಧ್ಯಾಹ್ನದ ರೈಲು ಹೋಗಿತ್ತು. ಮದುವೆ ಸೀರೆಯಲ್ಲೇ ಸಂಜೆ ಗಾಡಿಗೆ ಓಡಿದರು."

"ಹೋಗೋ ಹೊತ್ತಿಗೆ ತಮ್ಮ ಬದುಕಿದ್ದರಾ ಅಪ್ಪ?"

"ಗೊತ್ತಿಲ್ಲ. ಆ ಬೀಟಿನಲ್ಲಿ ಇನ್ನೂ ಆರು ವರ್ಷ ಇದ್ದೆ. ಆ ಮನೆಗೆ ಎಷ್ಟೋ ಕಾಗದ ಕೊಟ್ಟೆ. ಆಕೆ ನೀರು ಮಜ್ಜಿಗೆ ಕೊಡೋರು. ಕೇಳೋಕೆ ಬಾಯಿ ಬರಲಿಲ್ಲ."

ನಾಟಕದಲ್ಲಿ ನಾವು ಅದನ್ನೇ ಆಡಿದೆವು. ನಮ್ಮ ತಾನಪ್ಪ ಚಪ್ಪರದ ಮುಂದೆ ಕಾರ್ಡು ಹಿಡಿದು ನಿಲ್ಲುತ್ತಾನೆ. ಚೀಲಕ್ಕೆ ಹಾಕುತ್ತಾನೆ. ತಾಳಿ ಕಟ್ಟಿದ ಮೇಲೆ ವಾಪಸ್ಸು ಬಂದು ಕೊಡುತ್ತಾನೆ. ಆಕೆ ಓಡುತ್ತಾಳೆ. ಅವನು ಬೀದಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಅಲ್ಲಿಗೆ ಪರದೆ, ಅಂದರೆ ಓನರ್ ಮನೆಯ ಬೆಡ್‌ಷೀಟ್. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಮುಗಿದದ್ದೇ ಅವರಿಗೆ ಗೊತ್ತಾಗಲಿಲ್ಲ. ಹಿಂದೆ ನಿಂತಿದ್ದ ಅಪ್ಪನೇ ಮೊದಲು ಚಪ್ಪಾಳೆ ಹೊಡೆದರು. ಅಜ್ಜಿ ಮಗನ ಮುಖ ನೋಡಿದರು. ಅವರಿಗೆ ಯಾರೂ ಏನೂ ಅನುವಾದ ಮಾಡಬೇಕಾಗಲಿಲ್ಲ.

ಇಷ್ಟನ್ನೂ ಅವತ್ತು ಮಗಳಿಗೆ ಹೇಳಿದೆ. ಅಮ್ಮ ಅಂದರು, "ಮದುವೆಯಾಗಿ ಅಷ್ಟು ವರ್ಷ ಆಗಿತ್ತು, ನನಗೂ ಹೇಳಿರಲಿಲ್ಲ ಕಣೇ. ನಾಟಕ ನೋಡಿಯೇ ನನಗೆ ಗೊತ್ತಾದದ್ದು." ಅಪ್ಪ ಹೋಗಿ ಈಗ ಒಂಬತ್ತು ವರ್ಷ.

ಪರೀಕ್ಷೆ ಮುಗಿದ ಮೇಲೆ ಮಗಳಿಗೆ ಆ ಕಂತನ್ನು ತೋರಿಸಿದೆ. ಬೇಕಾದ ಕಡೆ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನಾವು ಐದು ಜನ ಮಾಡುತ್ತಿದ್ದ ಕೆಲಸವನ್ನು ಒಬ್ಬಳೇ ಮಾಡಿದಳು. ರಜೆಯಲ್ಲಿ ಮೂವರೂ ಶಿವಮೊಗ್ಗ ಕಡೆ ಹೋದೆವು. ಆಗುಂಬೆಯ ದೊಡ್ಡಮನೆಯ ಅಂಗಳದಲ್ಲಿ ನಿಂತು ನಕ್ಷೆಯನ್ನು ಬಿಚ್ಚಿದೆವು. ತೀರ್ಥಹಳ್ಳಿಯ ಹುಡುಗ ಹೇಳಿದ ಕಂಬಗಳು ಸರಿಯಾಗಿಯೇ ಇದ್ದವು, ಅವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅಲ್ಲಿಂದ ಅರಸಾಳು ರೈಲು ನಿಲ್ದಾಣಕ್ಕೆ ಹೋದೆವು. ಧಾರಾವಾಹಿಗೆ ಚಿತ್ರೀಕರಣ ನಡೆದಿದ್ದ ಆ ಹಳೆಯ ಪುಟ್ಟ ನಿಲ್ದಾಣವನ್ನು ರೈಲ್ವೆಯವರು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಸಿಂಗರಿಸಿದ್ದಾರೆ. ಮಾಲ್ಗುಡಿ ನಾರಾಯಣ್ ಅವರ ಮನಸ್ಸಿಗೆ ಮೊದಲು ಬಂದದ್ದು ಒಂದು ಚಿಕ್ಕ ರೈಲು ನಿಲ್ದಾಣದ ರೂಪದಲ್ಲೇ ಅಂತೆ. ಇಲ್ಲದ ಊರಿಗೆ ನಿಜವಾದ ನಿಲ್ದಾಣ! ಅಜ್ಜಂದಿರು ಮೊಮ್ಮಕ್ಕಳಿಗೆ ಸ್ವಾಮಿಯ ಕಥೆ ಹೇಳುತ್ತಾ ಓಡಾಡುತ್ತಿದ್ದರು. ಬೆಂಚಿನ ಮೇಲೆ ಕೂತ ಮಗಳು ಹಳಿಯ ಕಡೆ ನೋಡುತ್ತಾ ಕೇಳಿದಳು.

"ಅಜ್ಜಿ, ಆಕೆ ಹಾಸನದಲ್ಲಿ ಇಳಿದಾಗ ಎಷ್ಟು ಗಂಟೆ ಆಗಿರಬಹುದು?"

ಮನೆಗೆ ಬಂದು ನಾಲ್ಕು ಪುಟ ಬರೆದಳು. ಹೆಸರು 'ಮಧ್ಯಾಹ್ನದ ಡೆಲಿವರಿ.' ತಾನಪ್ಪನೂ ಇಲ್ಲ, ತಾತನೂ ಇಲ್ಲ. ರೈಲಿನಲ್ಲಿ ಕೂತ ಆ ಹೆಂಗಸಿನ ಕಥೆ. ಮುಡಿಯಲ್ಲಿ ಮದುವೆಯ ಹೂವು, ಕೈಯಲ್ಲಿ ತಮ್ಮನಿಗೆ ಅಂತ ಕಟ್ಟಿಕೊಂಡ ಚಿರೋಟಿ. ಎದುರು ಕೂತವರು "ಮನೆಯಲ್ಲಿ ಶುಭಕಾರ್ಯವೇನಮ್ಮ?" ಅಂತ ಕೇಳುತ್ತಾರೆ. ಆಕೆ ಹೌದು ಅನ್ನುತ್ತಾಳೆ. ರಾತ್ರಿ ತಮ್ಮನ ಮನೆ ಬಾಗಿಲಿಗೆ ಬರುತ್ತಾಳೆ. ಒಳಗೆ ದೀಪ ಉರಿಯುತ್ತಿರುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

"ಇಲ್ಲಿಗೇ ಯಾಕೆ ನಿಲ್ಲಿಸಿದೆ?" ಅಂದೆ.

"ತಾತನಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗುತ್ತೆ?"

ಕೇಳುತ್ತಿದ್ದ ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಇನ್ನೊಂದು ಪುಟ ಬರಿ ಪುಟ್ಟಿ. ಬದುಕಿದ್ದ ಅಂತಲೇ ಬರಿ. ನನಗೋಸ್ಕರ."

ಮಗಳು ಒಂದು ನಿಮಿಷ ಯೋಚಿಸಿ ಬರೆದುಕೊಟ್ಟಳು. ತಮ್ಮ ಹಾಸಿಗೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾನೆ. "ಮಗಳನ್ನು ಗಂಡನ ಮನೆಗೆ ಕಳಿಸೋದು ಬಿಟ್ಟು ಓಡಿಬಂದೆಯಾ, ನಿನಗೇನು ಬುದ್ಧಿ ಇಲ್ಲವೇನಕ್ಕ?" ಅಂತ ಬೈಯುತ್ತಾನೆ. ಆ ಒಂದು ಪುಟವನ್ನು ಅಮ್ಮ ಮಡಿಸಿ, ಮಾಲ್ಗುಡಿ ನಕ್ಷೆಯ ಒಳಗಿಟ್ಟು, ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ನಾನು ಈಗ ಮಗಳಿಗೆ ಬೇರೆ ನೋಟ್‌ಬುಕ್ ಕೊಡಿಸಿದ್ದೇನೆ. ಇನ್ನೂರು ಪುಟದ್ದು, ಗೆರೆ ಇಲ್ಲದ್ದು. ಗಣಿತದ ಪುಸ್ತಕ ಗಣಿತಕ್ಕೇ ಇರಲಿ ಅಂತ. ಮಾಯಾ ಶಾಲೆಯ ಊಟದ ಮನೆಗೆ ದಾರಿ ಇನ್ನೂ ಪೂರ್ತಿ ಸಿಕ್ಕಿಲ್ಲವಂತೆ. ನನ್ನನ್ನೂ ಹುಡುಕಲು ಸೇರಿಸಿಕೊಂಡಿದ್ದಾರೆ. ನನ್ನ ಪಾಲಿಗೆ ಬಂದಿರುವ ಕೆಲಸ, ಬಾಗಿಲುಗಳನ್ನು ಎಣಿಸುವುದು.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಒಂದು ಸಲ ಕೇಳಿ ನೋಡಿ. ಯಾವ ಸಿನಿಮಾ, ಯಾವ ಧಾರಾವಾಹಿಗೆ ಅವರು ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ನಿಂತಿದ್ದರು ಅಂತ. ಯಾವ ಕೊನೆ ಅವರಿಗೆ ಒಪ್ಪಿಗೆಯಾಗಲಿಲ್ಲ ಅಂತಲೂ ಕೇಳಿ. ಕೇಳುವಾಗ ಕೈಯಲ್ಲಿ ಪೆನ್ನು ಇರಲಿ.